ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ? ಶಾಲಾ ವಿಲೀನ, ತೋಟದ ಮಕ್ಕಳು ಮತ್ತು ಮಲೆನಾಡಿನ ನಾಳೆಯ ರಾಜಕಾರಣ

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡು ಭಾಗದ ಜನರನ್ನು ಎರಡು ಸುದ್ದಿಗಳು ಗೊಂದಲಕ್ಕೆ ತಳ್ಳಿವೆ. ಮೊದಲನೆಯದು ಸರ್ಕಾರಿ ಶಾಲೆಗಳದ್ದು. ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ‘ಮ್ಯಾಗ್ನೆಟ್’ ಶಾಲೆಗಳಾಗಿ, ಅಂದರೆ ಸುತ್ತಲಿನ ಮಕ್ಕಳನ್ನು ಸೆಳೆಯುವ ದೊಡ್ಡ ಶಾಲೆಗಳಾಗಿ ಬೆಳೆಸುವ ಹೆಸರಿನಲ್ಲಿ ಸುತ್ತಲಿನ ಸಣ್ಣ ಶಾಲೆಗಳನ್ನು ಮುಚ್ಚಲಾಗುತ್ತದೆ ಎಂದು ವಿದ್ಯಾರ್ಥಿ ಸಂಘಟನೆಗಳು ಹೇಳುತ್ತಿವೆ. ಒಂದು ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದ್ದಾರೆ. ಎರಡನೆಯದು ಕಾಫಿ ತೋಟಗಳದ್ದು. ಅಸ್ಸಾಂ ಮತ್ತು ಇತರ ಪೂರ್ವ ರಾಜ್ಯಗಳಿಂದ ಬಂದು ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ, ನೆಲೆಸಿರುವ ಕಾರ್ಮಿಕರ ದಾಖಲೆಗಳನ್ನು ಪರಿಶೀಲಿಸಬೇಕು ಎಂಬ ಒತ್ತಾಯ ಮತ್ತೆ ಮತ್ತೆ ಕೇಳಿಬರುತ್ತಿದೆ.

ಪತ್ರಿಕೆಯಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿ ಬರುತ್ತವೆ, ಬೇರೆ ಬೇರೆ ಜನ ಅವುಗಳ ಬಗ್ಗೆ ವಾದಿಸುತ್ತಾರೆ. ಆದರೆ ಮಕ್ಕಳಿಲ್ಲ ಎಂದು ಬಾಗಿಲು ಹಾಕಿಕೊಳ್ಳುವ ಶಾಲೆ ಮತ್ತು ಶಾಲೆಯಿಲ್ಲದೆ ಗಿಡಗಳ ನಡುವೆ ಅಡ್ಡಾಡುವ ಮಕ್ಕಳು, ಎರಡೂ ಒಂದೇ ಊರಿನಲ್ಲಿವೆ. ಇವೆರಡನ್ನೂ ಒಟ್ಟಿಗೆ ನೋಡದೆ ಇದ್ದರೆ ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇಲ್ಲಿನ ಜನ ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ, ಯಾರ ಮಾತಿಗೆ ಮತ ಹಾಕುತ್ತಾರೆ ಎಂಬುದು ಅರ್ಥವಾಗುವುದಿಲ್ಲ.

ವಿಲೀನದ ಮಾತು ಎಲ್ಲಿಂದ ಬಂತು?

ಕರ್ನಾಟಕ ಪಬ್ಲಿಕ್ ಶಾಲೆಯ ಕಲ್ಪನೆ ಹೊಸದಲ್ಲ. ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಈ ಶಾಲೆಗಳು 2018ರ ಸುಮಾರಿಗೆ ಆರಂಭವಾದವು. 2025-26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ನ ನೆರವಿನೊಂದಿಗೆ ಇನ್ನೂ 500 ಶಾಲೆಗಳನ್ನು ಈ ಮಾದರಿಗೆ ತರುವುದಾಗಿ ಸರ್ಕಾರ ಹೇಳಿತು.

ಇಲಾಖೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಸಾಕು. ಆದರೆ ಹತ್ತು ಹನ್ನೆರಡು ಮಕ್ಕಳಿರುವ ಕಡೆ ಎಷ್ಟೋ ಸಲ ಒಬ್ಬರೇ ಉಳಿಯುತ್ತಾರೆ. ಅವರು ಗಣತಿಗೋ ಚುನಾವಣಾ ಕೆಲಸಕ್ಕೋ ತರಬೇತಿಗೋ ಹೋದ ದಿನ ಶಾಲೆ ಹೆಸರಿಗೆ ಮಾತ್ರ ತೆರೆದಿರುತ್ತದೆ. ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನಿಭಾಯಿಸುವಾಗ ಮಗುವಿಗೆ ಸಿಗುವ ಗಮನ ಎಷ್ಟು ಎಂಬುದು ಎಲ್ಲರಿಗೂ ಗೊತ್ತು. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ, ಇಂಗ್ಲಿಷ್ ವಿಭಾಗ, ಆಟದ ಮೈದಾನ ಇರುತ್ತವೆ ಎನ್ನುವುದು ಇಲಾಖೆಯ ನಿಲುವು.

ವಿರೋಧಿಸುವವರ ವಾದಕ್ಕೂ ನೆಲದ ಆಧಾರವಿದೆ. ರಾಜ್ಯದ ನಿಯಮದ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ ಮಗುವಿನ ಮನೆಯಿಂದ 1 ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕ ಶಾಲೆ 3 ಕಿಲೋಮೀಟರ್ ಒಳಗೆ ಇರಬೇಕು. ಬಯಲುಸೀಮೆಯ 1 ಕಿಲೋಮೀಟರ್ ಬೇರೆ, ಮೂಡಿಗೆರೆಯ ಅಥವಾ ಸಕಲೇಶಪುರದ 1 ಕಿಲೋಮೀಟರ್ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳು ತುಂಬಿ ಹರಿಯುತ್ತವೆ, ಕಾಲುಸಂಕ (ಹಳ್ಳದ ಮೇಲಿನ ಕಿರು ಸೇತುವೆ) ದಾಟಬೇಕಾಗುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದ ದಾರಿಗಳಲ್ಲೇ ಓಡಾಡುತ್ತವೆ. ಶಾಲೆ ದೂರವಾದರೆ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಓದು, ಅದರಲ್ಲೂ ಕೂಲಿಯವರ ಮನೆಯ ಹೆಣ್ಣುಮಕ್ಕಳ ಓದು.

ಹಾಗಾದರೆ ಸಚಿವರ ಮಾತು ನಿಜವೋ, ಪ್ರತಿಭಟನಕಾರರ ಆತಂಕ ನಿಜವೋ? ಎರಡೂ ಏಕಕಾಲಕ್ಕೆ ನಿಜವಾಗಬಹುದು. ಶಾಲೆಯೊಂದು ನಿಂತುಹೋಗಲು ಮುಚ್ಚುವ ಆದೇಶವೇ ಬೇಕಾಗಿಲ್ಲ. ದೊಡ್ಡ ಶಾಲೆಯ ಬಸ್ಸು ಊರಿಗೆ ಬರತೊಡಗುತ್ತದೆ, ಹತ್ತಿರದ ಶಾಲೆಯ ಶಿಕ್ಷಕರು ಹೆಚ್ಚುವರಿ ಎಂದು ಗುರುತಿಸಲ್ಪಟ್ಟು ವರ್ಗವಾಗುತ್ತಾರೆ, ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಯಾರೂ ಸೇರುವುದಿಲ್ಲ. ಎರಡು ವರ್ಷ ಕಳೆದರೆ ದಾಖಲಾತಿ ಶೂನ್ಯ. ಆಗ ಅದನ್ನು ಯಾರೂ ಮುಚ್ಚಿಲ್ಲ, ಆದರೂ ಅದು ಇಲ್ಲ.

ಊರಿನ ಮಕ್ಕಳು ಎಲ್ಲಿಗೆ ಹೋದರು?

ಸಣ್ಣ ಶಾಲೆಗಳು ಖಾಲಿಯಾದ ಕಥೆಗೆ ನಾಲ್ಕು ದಶಕಗಳ ಹಿನ್ನೆಲೆಯಿದೆ. 1982ರ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಕೇಳಿತು. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸುವ ಆದೇಶ ಹೊರಡಿಸಿತು. ದೀರ್ಘ ಕಾನೂನು ಹೋರಾಟದ ನಂತರ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪೋಷಕರದ್ದು ಎಂದು ತೀರ್ಪಿತ್ತಿತು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಮೂಲಕ ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಎಲ್ಲ ಶಾಲೆಗಳಲ್ಲಿ ಕಲಿಸುವ ನಿಯಮ ಬಂದಿತು. ಮಾಧ್ಯಮದ ಪ್ರಶ್ನೆ ಮಾತ್ರ ಮಾರುಕಟ್ಟೆಯ ಕೈಗೆ ಹೋಯಿತು.

ಸರ್ಕಾರಿ ಶಾಲೆಗಳೂ ಈ ಒತ್ತಡಕ್ಕೆ ಮಣಿದವು. ಹಾಸನ ಜಿಲ್ಲೆಯ ಹರದನಹಳ್ಳಿ ಮೂಲದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2019-20ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಸಾಹಿತಿಗಳು ವಿರೋಧಿಸಿದರು, ಬಡ ಪೋಷಕರಲ್ಲಿ ಹಲವರು ಸ್ವಾಗತಿಸಿದರು. ಇಬ್ಬರಿಗೂ ಕಾರಣಗಳಿದ್ದವು. ಉಳ್ಳವರ ಮಕ್ಕಳಿಗೆ ಸಿಗುವ ಇಂಗ್ಲಿಷ್ ತಮ್ಮ ಮಕ್ಕಳಿಗೆ ಏಕಿಲ್ಲ ಎಂದು ಕೂಲಿಕಾರರು ಕೇಳಿದರೆ ಅದಕ್ಕೆ ಭಾಷಾಭಿಮಾನದ ಉತ್ತರ ಸಾಕಾಗುವುದಿಲ್ಲ.

ಅಷ್ಟರೊಳಗೆ ಬೆಳಿಗ್ಗೆ ಎಂಟು ಗಂಟೆಗೆ ತೋಟದ ಗೇಟಿನ ಬಳಿ ನಿಲ್ಲುವ ಹಳದಿ ವ್ಯಾನು ಊರಿನ ರೂಢಿಯಾಗಿಬಿಟ್ಟಿತ್ತು. ಬೆಳೆಗಾರರ ಮಕ್ಕಳು ಮೊದಲು ಹೋದರು. ನಂತರ ತೋಟದ ಲೆಕ್ಕ ಬರೆಯುವ ರೈಟರ್, ಅಂಗಡಿಯವರು, ಸರ್ಕಾರಿ ನೌಕರರ ಮಕ್ಕಳು. ಸಾಲ ಮಾಡಿಯಾದರೂ ಕಳಿಸಬಲ್ಲ ಸಣ್ಣ ಹಿಡುವಳಿದಾರರ ಮಕ್ಕಳು ಕೊನೆಗೆ. ಯಾವ ಪೋಷಕರನ್ನೂ ಇದಕ್ಕಾಗಿ ದೂರುವಂತಿಲ್ಲ. ಆದರೆ ಪರಿಣಾಮವನ್ನು ಹೇಳಲೇಬೇಕು. ಮಾಡು ಸೋರಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಫೋನ್ ಮಾಡಬಲ್ಲವರು, ಶಿಕ್ಷಕರಿಲ್ಲದಿದ್ದರೆ ಶಾಸಕರ ಬಾಗಿಲು ತಟ್ಟಬಲ್ಲವರು ಒಬ್ಬೊಬ್ಬರಾಗಿ ಆ ಶಾಲೆಯಿಂದ ಹೊರಗೆ ಬಂದರು. ಶಾಲೆ ಮಕ್ಕಳನ್ನು ಕಳೆದುಕೊಂಡಿತು, ಅದರ ಪರ ಮಾತನಾಡುವ ಬಾಯಿಗಳನ್ನೂ ಕಳೆದುಕೊಂಡಿತು.

ಖಾಸಗಿ ಶಾಲೆಯ ಒಳಗೆ ಮಕ್ಕಳು ಬೆರೆಯುವ ಒಂದು ದಾರಿಯಿತ್ತು. ಶಿಕ್ಷಣ ಹಕ್ಕು ಕಾಯ್ದೆ ಅನುದಾನರಹಿತ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿದೆ. 2019-20ರಿಂದ ಕರ್ನಾಟಕ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಸರ್ಕಾರದ ಹಣ ಖಾಸಗಿಯವರ ಪಾಲಾಗುವುದನ್ನು ತಡೆದು ಸರ್ಕಾರಿ ಶಾಲೆಯನ್ನು ಉಳಿಸುವುದು ಉದ್ದೇಶವೆಂದು ಹೇಳಲಾಯಿತು. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಖಾಸಗಿ ಶಾಲೆಯ ಬಾಗಿಲು ಬಡ ಮಗುವಿಗೆ ಬಹುಪಾಲು ಮುಚ್ಚಿತು, ಆದರೆ ಅದರಿಂದ ಸರ್ಕಾರಿ ಸಣ್ಣ ಶಾಲೆ ತುಂಬಲಿಲ್ಲ.

ಲೈನ್ ಮನೆಗಳಲ್ಲಿ ಬದಲಾದ ಮಾತು

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಕರ್ನಾಟಕ ಬೆಳೆಯುತ್ತದೆ. ಅದು ಬಹುತೇಕ ಚಿಕ್ಕಮಗಳೂರು, ಕೊಡಗು ಮತ್ತು ಹಾಸನ ಜಿಲ್ಲೆಗಳ ಬೆಳೆ. ಈ ತೋಟಗಳು ಎಂದೂ ಊರಿನವರ ದುಡಿಮೆಯಿಂದಷ್ಟೇ ನಡೆದವಲ್ಲ. ಒಂದು ಕಾಲಕ್ಕೆ ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುತ್ತಿದ್ದರು. ತಮಿಳು ಮಾತನಾಡುವ ಕುಟುಂಬಗಳು ಬಂದು ನೆಲೆಸಿದವು. ಅವರ ಮಕ್ಕಳು ಊರಿನ ಕನ್ನಡ ಶಾಲೆಗೆ ಹೋದರು. ಮನೆಯಲ್ಲಿ ತುಳುವೋ ತಮಿಳೋ ಆಡುತ್ತಾ ಶಾಲೆಯಲ್ಲಿ ಕನ್ನಡ ಕಲಿತವರು ಇಂದು ಇಲ್ಲಿನ ಮತದಾರರು, ಪಂಚಾಯಿತಿ ಸದಸ್ಯರು. ಅವರನ್ನು ಹೊರಗಿನವರು ಎಂದು ಈಗ ಯಾರೂ ಕರೆಯುವುದಿಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಬುಡಕಟ್ಟಿನ ಮಕ್ಕಳು ಮನೆಯಲ್ಲಿ ವಾಗ್ರಿ ಮಾತನಾಡಿ ಶಾಲೆಯಲ್ಲಿ ಕನ್ನಡ ಓದುವುದೂ ಇದೇ ಬಗೆಯದು.

ಈಗ ಸ್ಥಳೀಯ ಕಾರ್ಮಿಕರ ಮಕ್ಕಳು ಬೆಂಗಳೂರಿಗೆ, ಮಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗಿದ್ದಾರೆ. ಅವರ ಜಾಗದಲ್ಲಿ ಉತ್ತರ ಕರ್ನಾಟಕದವರು, ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯವರು ಕಪಾತು (ಗಿಡ ಸವರುವುದು), ಗೊಬ್ಬರ, ಕೊಯ್ಲಿನ ಕೆಲಸಕ್ಕೆ ಬಂದಿದ್ದಾರೆ. ಒಂಟಿಯಾಗಿ ಬಂದವರು ಕ್ರಮೇಣ ಹೆಂಡತಿ ಮಕ್ಕಳನ್ನು ಕರೆತಂದಿದ್ದಾರೆ. ಹಣ್ಣು ಕೊಯ್ಯುವ ಕೂಲಿ ಸಾಮಾನ್ಯವಾಗಿ ಕಿಲೋ ಲೆಕ್ಕದ್ದು. ಹೆಚ್ಚು ಕೊಯ್ದರೆ ಹೆಚ್ಚು ಕೂಲಿ. ತಾಯಿ ಗಿಡದ ಬಳಿ ನಿಂತಾಗ ಕೂಸನ್ನು ಹಿಡಿದುಕೊಳ್ಳಲು ಎಂಟು ವರ್ಷದ ಅಕ್ಕ ಬೇಕು. ಆಕೆ ಶಾಲೆಗೆ ಹೋಗದಿರಲು ಇದೊಂದೇ ಕಾರಣ ಸಾಕು. ಹಾಗಾಗಿ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಯೋಜನೆ ತೋಟದ ಹತ್ತಿರ ಬಂದರೆ ಅದು ಶಿಶುಪಾಲನೆಯಷ್ಟೇ ಅಲ್ಲ, ದೊಡ್ಡ ಮಗುವಿನ ಶಾಲಾ ದಾಖಲಾತಿಯೂ ಆಗುತ್ತದೆ.

ತೋಟದ ಮಾಲೀಕರ ಹೊಣೆ ಏನು? 1951ರ ತೋಟ ಕಾರ್ಮಿಕರ ಕಾಯ್ದೆ ಇದನ್ನು ಆಗಲೇ ಯೋಚಿಸಿತ್ತು. ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಿಕ್ಷಣ ಸೌಲಭ್ಯ ಒದಗಿಸುವಂತೆ ಮಾಲೀಕರಿಗೆ ಸೂಚಿಸುವ ನಿಯಮ ಮಾಡಲು ರಾಜ್ಯಗಳಿಗೆ ಅಧಿಕಾರ ಕೊಟ್ಟಿತು. ದೊಡ್ಡ ಕಂಪನಿ ತೋಟಗಳ ಕಾಲಕ್ಕೆ ಇದು ಸರಿಹೊಂದಿತು. ಆದರೆ ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು 10 ಹೆಕ್ಟೇರ್‌ಗಿಂತ ಕಡಿಮೆ ಜಮೀನಿನವರು. ಒಂದು ತೋಟದ ಲೈನ್‌ನಲ್ಲಿ ಮೂರು ಮಕ್ಕಳು, ಪಕ್ಕದ್ದರಲ್ಲಿ ಐದು, ರಸ್ತೆಯ ಆಚೆ ನಾಲ್ಕು. ಯಾವ ತೋಟವೂ 25ರ ಗಡಿ ಮುಟ್ಟುವುದಿಲ್ಲ, ಎಲ್ಲ ಸೇರಿದರೆ ಒಂದು ಶಾಲೆಯೇ ತುಂಬುತ್ತದೆ. ಆ ಮಕ್ಕಳನ್ನೆಲ್ಲ ಒಟ್ಟುಗೂಡಿಸಬಲ್ಲದ್ದು ಊರಿನ ಸರ್ಕಾರಿ ಶಾಲೆ ಮಾತ್ರ. ಮಕ್ಕಳಿಲ್ಲವೆಂದು ನಾವು ಕೈಬಿಡುತ್ತಿರುವುದು ಅದನ್ನೇ.

ಸೆಪ್ಟೆಂಬರ್‌ನ ಎಣಿಕೆ, ನವೆಂಬರ್‌ನ ಮಕ್ಕಳು

ದೇಶದ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯುಡೈಸ್ ವ್ಯವಸ್ಥೆ ಸೆಪ್ಟೆಂಬರ್ 30ರಂದು ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್‌ನಲ್ಲಿ. ರೊಬಸ್ಟಾ ಹೊಸ ವರ್ಷದ ಆಚೆಗೂ ಎಳೆಯುತ್ತದೆ. ಅಂದರೆ ಲೈನ್ ಮನೆಗಳು ತುಂಬುವುದು ಎಣಿಕೆ ಮುಗಿದ ಮೇಲೆ. ಶಾಲೆಯಲ್ಲಿ ಮಕ್ಕಳಿಲ್ಲ ಎಂಬ ವರದಿ ಸುಳ್ಳಲ್ಲ, ಆದರೆ ಅದು ವರ್ಷದ ಅರ್ಧದ ಸತ್ಯ. ಶಿಕ್ಷಕರ ಹಂಚಿಕೆ, ವಿಲೀನದ ಪಟ್ಟಿ, ಬಿಸಿಯೂಟದ ಅಕ್ಕಿಯ ಲೆಕ್ಕ ಎಲ್ಲವೂ ಆ ಅರ್ಧ ಸತ್ಯದ ಮೇಲೆ ನಿಂತಿವೆ.

ಪೊಲೀಸರ ಕೆಲಸ ಬೇರೆ, ಮೇಷ್ಟರ ಕೆಲಸ ಬೇರೆ

ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. ಕಾರ್ಮಿಕರ ದಾಖಲೆ ಪರಿಶೀಲನೆ ಬೇಕೆನ್ನುವವರು ಕೇಳುವ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. ತನ್ನ ತೋಟದಲ್ಲಿ ಯಾರು ವಾಸವಿದ್ದಾರೆ ಎಂಬುದು ಮಾಲೀಕರಿಗೂ ಠಾಣೆಗೂ ಗೊತ್ತಿರಬೇಕು. ಅದು ಕಾರ್ಮಿಕರ ರಕ್ಷಣೆಗೂ ಅಗತ್ಯ, ಏಕೆಂದರೆ ಹೆಸರೇ ದಾಖಲಾಗದವರಿಗೆ ಅಪಘಾತ ಪರಿಹಾರವಾಗಲಿ ಬಾಕಿ ಕೂಲಿಯಾಗಲಿ ಸಿಗುವುದಿಲ್ಲ. ಆದರೆ ಅಸ್ಸಾಂ ಎಂದರೆ ಬಾಂಗ್ಲಾದೇಶ ಎಂದು ಭಾವಿಸುವುದು ತಪ್ಪು. ಅಸ್ಸಾಮಿನಲ್ಲಿ ಬಂಗಾಳಿ ಮಾತನಾಡುವ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಆದಿವಾಸಿಗಳಿದ್ದಾರೆ. 2019ರ ಆಗಸ್ಟ್ 31ರಂದು ಪ್ರಕಟವಾದ ಅಲ್ಲಿನ ಪೌರತ್ವ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಂಥ ಪ್ರಕರಣಗಳನ್ನು ತೀರ್ಮಾನಿಸಲು ಅಲ್ಲಿ ನ್ಯಾಯಮಂಡಳಿಗಳಿವೆ. ಸಂತೆಯಲ್ಲಿ ನಿಂತವರ ಮಾತು ಕೇಳಿ ಅದನ್ನು ಇಲ್ಲಿ ತೀರ್ಮಾನಿಸಲಾಗದು.

ಶಾಲೆಯ ಬಾಗಿಲಿಗೆ ಈ ಪ್ರಶ್ನೆ ಬರುವುದೇ ಇಲ್ಲ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ‘ಎಲ್ಲ ಮಕ್ಕಳಿಗೂ’ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಅಲ್ಲಿ ನಾಗರಿಕರ ಮಕ್ಕಳು ಎಂಬ ಷರತ್ತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು, ದಾಖಲಾತಿಯ ಅವಧಿ ಮುಗಿಯಿತೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿ ಸ್ಥಳೀಯ ಆಡಳಿತದ ಕರ್ತವ್ಯ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹಾಗಿದ್ದೂ ಗಣಕದ ನಮೂನೆಯಲ್ಲಿ ಒಂದು ಕಲಂ ಖಾಲಿ ಉಳಿದರೆ ಮುಖ್ಯ ಶಿಕ್ಷಕರು ಹಿಂಜರಿಯುತ್ತಾರೆ. ಅವರಿಗೆ ಮೇಲಿನಿಂದ ಬರಬೇಕಾದ ಧೈರ್ಯದ ಮಾತು ಬರುವುದಿಲ್ಲ.

ತಂದೆಯ ಕಾಗದ ನೋಡುವ ಕೆಲಸವನ್ನು ಶಾಲೆಗೆ ಅಂಟಿಸಿದರೆ ಆಗುವುದಿಷ್ಟೆ: ಭಯಪಟ್ಟ ತಂದೆ ಮಗುವನ್ನು ಮನೆಯಲ್ಲೇ ಉಳಿಸುತ್ತಾನೆ. ಯಾರ ಅನುಮಾನವೂ ಇದರಿಂದ ಪರಿಹಾರವಾಗುವುದಿಲ್ಲ, ಓದದ ಒಂದು ಮಗು ಮಾತ್ರ ಹೆಚ್ಚಾಗುತ್ತದೆ.

ಮನಸ್ಸನ್ನು ರೂಪಿಸುವುದು ಪಾಠವೋ, ಪಕ್ಕದವರೋ?

ಶಿಕ್ಷಣ ರಾಜಕೀಯ ನಿಲುವನ್ನು ರೂಪಿಸುತ್ತದೆ ಎಂದಾಗ ನಮಗೆ ಥಟ್ಟನೆ ನೆನಪಾಗುವುದು ಪಠ್ಯಪುಸ್ತಕ. 2022ರಲ್ಲಿ ಪಠ್ಯ ಪರಿಷ್ಕರಣೆಯ ವಿವಾದ ರಾಜ್ಯವನ್ನೇ ಅಲುಗಾಡಿಸಿತು, 2023ರಲ್ಲಿ ಸರ್ಕಾರ ಬದಲಾದಾಗ ಪಾಠಗಳೂ ಬದಲಾದವು. ಪಠ್ಯಕ್ಕೆ ಶಕ್ತಿಯಿಲ್ಲ ಎಂದೇನಲ್ಲ. ಚೀನಾ 2004ರ ನಂತರ ಪ್ರೌಢಶಾಲಾ ಪಠ್ಯವನ್ನು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಬದಲಿಸಿತು. ಹೊಸ ಪಠ್ಯ ಓದಿದವರನ್ನೂ ಹಳೆಯದನ್ನು ಓದಿದವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿದಾಗ, ಹೊಸ ಪಠ್ಯದವರು ತಮ್ಮ ಸರ್ಕಾರದ ಬಗ್ಗೆ ಹೆಚ್ಚು ಒಲವು, ಮುಕ್ತ ಮಾರುಕಟ್ಟೆಯ ಬಗ್ಗೆ ಹೆಚ್ಚು ಅನುಮಾನ ಹೊಂದಿದ್ದು ಕಂಡಿತು.

ಆದರೆ ಪಾಠದಲ್ಲಿ ಏನಿರಬೇಕೆಂದು ಇಷ್ಟು ಜಗಳವಾಡುವ ನಾವು, ಆ ಪಾಠವನ್ನು ಯಾರ ಪಕ್ಕದಲ್ಲಿ ಕೂತು ಓದುತ್ತಾರೆ ಎಂದು ಕೇಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಮಲೆನಾಡಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು, ಮತ್ತು ಇದಕ್ಕೆ ನಮ್ಮ ದೇಶದಲ್ಲೇ ಸಿಕ್ಕಿದ ಉತ್ತರಗಳಿವೆ. ದೆಹಲಿಯ ಗಣ್ಯ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸೀಟು ಕಡ್ಡಾಯವಾದ ಮೇಲೆ ಏನಾಯಿತು ಎಂದು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡ ಮಕ್ಕಳನ್ನು ದೂರವಿಡುವ ಗುಣ ಅವರಲ್ಲಿ ಕಡಿಮೆಯಾಯಿತು. ಹಿಂದಿ, ಗಣಿತದ ಅಂಕಗಳಿಗೆ ಪೆಟ್ಟು ಬೀಳಲಿಲ್ಲ, ಇಂಗ್ಲಿಷ್‌ನಲ್ಲಿ ಸ್ವಲ್ಪ ಇಳಿಕೆ ಕಂಡಿತು. ಪೋಷಕರ ಆತಂಕ ಪೂರ್ತಿ ಸುಳ್ಳಲ್ಲ, ಆದರೆ ಅವರು ಅಂದುಕೊಂಡಷ್ಟು ದೊಡ್ಡದೂ ಅಲ್ಲ.

ಇನ್ನೊಂದು ಪ್ರಯೋಗ ಉತ್ತರ ಪ್ರದೇಶದ್ದು. ಸಂಶೋಧಕ ಮ್ಯಾಟ್ ಲೋ ಅಲ್ಲಿ ಬೇರೆ ಬೇರೆ ಜಾತಿಯ ಯುವಕರಿಗಾಗಿ ಕ್ರಿಕೆಟ್ ಪಂದ್ಯಾವಳಿ ನಡೆಸಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರ ನಡುವೆ ಅದು ಹೆಚ್ಚಲಿಲ್ಲ, ಕುಗ್ಗಿತು. ಜನ ಹತ್ತಿರ ಬಂದರೆ ಸಾಕು ಸಾಮರಸ್ಯ ತಾನೇ ಬೆಳೆಯುತ್ತದೆ ಎಂಬ ನಂಬಿಕೆಗೆ ಇದು ತಿದ್ದುಪಡಿ. ಹೇಗೆ ಹತ್ತಿರ ಬರುತ್ತಾರೆ ಎಂಬುದು ಮುಖ್ಯ.

ಇದನ್ನು ತೋಟಕ್ಕೆ ಅನ್ವಯಿಸಿ ನೋಡಿದರೆ ಚಿತ್ರ ತಿಳಿಯಾಗುತ್ತದೆ. ದೊಡ್ಡವರು ಇಲ್ಲಿ ಪರಸ್ಪರ ಭೇಟಿಯಾಗುವುದು ಪೈಪೋಟಿಯಲ್ಲಿ. ಹೊರಗಿನವರು ಬಂದಿದ್ದರಿಂದ ತನ್ನ ಕೂಲಿ ಏರುತ್ತಿಲ್ಲ ಎಂದು ಸ್ಥಳೀಯ ಕಾರ್ಮಿಕ ಭಾವಿಸುತ್ತಾನೆ. ಸ್ಥಳೀಯರು ಸಿಗದೆ ಹೊರಗಿನವರನ್ನು ಕರೆಸಬೇಕಾಯಿತು ಎಂದು ಬೆಳೆಗಾರರು ಹೇಳುತ್ತಾರೆ. ಆಸ್ಪತ್ರೆಯ ಸಾಲಿನಲ್ಲಿ, ಪಡಿತರದ ಅಂಗಡಿಯಲ್ಲಿ, ಸಂತೆಯಲ್ಲಿ ಅವರು ಎದುರುಬದುರಾಗುತ್ತಾರೆ, ಆದರೆ ಜೊತೆಯಾಗುವುದಿಲ್ಲ. ಒಂದೇ ತಂಡದವರಾಗುವ ಅವಕಾಶವಿರುವುದು ಮಕ್ಕಳಿಗೆ ಮಾತ್ರ. ಹೋಬಳಿ ಮಟ್ಟದ ಕಬಡ್ಡಿಯಲ್ಲಿ, ಪ್ರತಿಭಾ ಕಾರಂಜಿಯ ಸಮೂಹಗಾನದಲ್ಲಿ, ಒಂದೇ ಪಂಕ್ತಿಯ ಬಿಸಿಯೂಟದಲ್ಲಿ ಮಗು ಶಾಲೆಯ ಹೆಸರಿನಿಂದ ಗುರುತಿಸಿಕೊಳ್ಳುತ್ತದೆ. ಶಿಕ್ಷಕರು ಮಕ್ಕಳನ್ನು ಬೇರೆ ಕೂರಿಸಿದರೆ, ತಟ್ಟೆ ಬೇರೆ ಇಟ್ಟರೆ, ಈ ಅವಕಾಶ ಅವಮಾನವಾಗಿ ತಿರುಗುತ್ತದೆ. ನಮ್ಮ ತೋಟಸೀಮೆಯ ದಲಿತ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಕಲಿಸುವ ಬಗೆ

ಇಲ್ಲಿ ಬದುಕುವವರು ಕನ್ನಡ ಕಲಿಯಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಕನ್ನಡ ಗೊತ್ತಿಲ್ಲದ ಕಾರ್ಮಿಕ ತನ್ನ ಕೂಲಿಯ ಲೆಕ್ಕಕ್ಕೂ ತನ್ನನ್ನು ಕೆಲಸಕ್ಕೆ ಕರೆತಂದ ಏಜೆಂಟನನ್ನೇ ಅವಲಂಬಿಸಬೇಕಾಗುತ್ತದೆ. ಆದರೆ ಕಲಿಸುವ ವಿಧಾನ ಫಲವನ್ನು ನಿರ್ಧರಿಸುತ್ತದೆ. ಮೊದಲ ಮಹಾಯುದ್ಧದ ನಂತರ ಅಮೆರಿಕದ ಒಹಾಯೊ ಮತ್ತು ಇಂಡಿಯಾನಾ ರಾಜ್ಯಗಳು ಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ನಿಷೇಧಿಸಿದವು. ಜರ್ಮನ್ ಮೂಲದವರು ಬೇಗ ಅಮೆರಿಕನ್ನರಾಗಲಿ ಎಂಬುದು ಉದ್ದೇಶ. ಫಲ ತಿರುವುಮುರುವಾಯಿತು. ಆ ನಿಷೇಧದಡಿ ಬೆಳೆದ ಜರ್ಮನ್ ಮೂಲದವರು ತಮ್ಮವರಲ್ಲೇ ಹೆಚ್ಚು ಮದುವೆಯಾದರು, ಮಕ್ಕಳಿಗೆ ಜರ್ಮನ್ ಹೆಸರು ಹೆಚ್ಚು ಇಟ್ಟರು, ಎರಡನೇ ಮಹಾಯುದ್ಧದಲ್ಲಿ ಸ್ವಯಂಪ್ರೇರಿತರಾಗಿ ಸೇನೆಗೆ ಸೇರಿದ್ದು ಕಡಿಮೆ ಎಂದು ವಾಸಿಲಿಕಿ ಫೌಕಾ ಅವರ ಅಧ್ಯಯನ ತೋರಿಸಿದೆ. ಮನೆಯ ಮಾತನ್ನು ಅವಮಾನಿಸಿ ನಾಡಿನ ಮಾತಿನ ಮೇಲೆ ಪ್ರೀತಿ ಹುಟ್ಟಿಸಲಾಗದು.

ನಮ್ಮ ಬಳಿ ಉತ್ತಮ ಸಾಧನವೇ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಅವರವರ ವೇಗದಲ್ಲಿ, ಚಟುವಟಿಕೆಯ ಮೂಲಕ ಕಲಿಯುತ್ತಾರೆ. ನಡುವರ್ಷದಲ್ಲಿ ಬಂದು ಸೇರುವ, ಕನ್ನಡ ಬಾರದ ಮಗುವಿಗೆ ಇದಕ್ಕಿಂತ ಹೊಂದುವ ತರಗತಿ ಸಿಗುವುದು ಕಷ್ಟ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ಆರಂಭವಾದ ‘ರೋಶ್ನಿ’ ಯೋಜನೆ ವಲಸೆ ಕಾರ್ಮಿಕರ ಮಕ್ಕಳಿಗೆ ಅವರ ಮಾತು ಬಲ್ಲ ಸ್ವಯಂಸೇವಕರ ಮೂಲಕ, ಶಾಲಾ ಸಮಯಕ್ಕಿಂತ ಮೊದಲು, ಬೆಳಗಿನ ತಿಂಡಿಯೊಂದಿಗೆ ಮಲಯಾಳಂ ಕಲಿಸಿತು. ಲೈನ್ ಮನೆಗಳಲ್ಲೂ ಹತ್ತನೇ ತರಗತಿವರೆಗೆ ಓದಿದ ಯುವತಿಯರು ಸಿಗಬಹುದು. ಅವರಿಗೆ ಒಂದಿಷ್ಟು ಗೌರವಧನ ಕೊಡುವುದು ದೊಡ್ಡ ಖರ್ಚಲ್ಲ.

ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ, ಮತ್ತು ದ್ವಿಭಾಷಾ ಸೂತ್ರ ಅದರ ಶಿಫಾರಸುಗಳು. ಬಂಗಾಳಿ, ಅಸ್ಸಾಮಿ, ಸಾದ್ರಿ ಮಾತನಾಡುವ ಐದಾರು ಮಕ್ಕಳಿಗೆ ಮೂಡಿಗೆರೆಯ ಹಳ್ಳಿಯಲ್ಲಿ ಮಾತೃಭಾಷಾ ತರಗತಿ ಸಾಧ್ಯವಿಲ್ಲ. ಅವರ ಪಾಲಿಗೆ ಕನ್ನಡವೇ ಮಾಧ್ಯಮ. ಹಾಗಾಗಿ ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಸುವ ತರಬೇತಿ ತೋಟಸೀಮೆಯ ಶಿಕ್ಷಕರಿಗೆ ಬೇಕೇಬೇಕು.

ಹೀಗೇ ನಡೆದರೆ

ಹದಿನೈದು ವರ್ಷದ ನಂತರ ಒಂದೇ ಹೋಬಳಿಯಲ್ಲಿ ಮೂರು ಬಗೆಯ ಯುವಜನರಿರುತ್ತಾರೆ. ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವರು ತೋಟದ ಕಾರ್ಮಿಕರನ್ನು ಮೊಬೈಲ್‌ನಲ್ಲಿ ಹರಿದಾಡುವ ವಿಡಿಯೊಗಳ ಮೂಲಕ ಮಾತ್ರ ಬಲ್ಲವರಾಗುತ್ತಾರೆ. ಸ್ಥಳೀಯ ಬಡವರ ಮಕ್ಕಳು ಕೆಲಸದ ಪೈಪೋಟಿಯಲ್ಲಿ ಅವರನ್ನು ಎದುರಾಳಿಯಾಗಿ ಕಾಣುತ್ತಾರೆ. ಇಲ್ಲೇ ಹುಟ್ಟಿಯೋ ಬೆಳೆದೋ ಕನ್ನಡ ಓದಲಾಗದ ಮೂರನೆಯವರು ಏಜೆಂಟನ ನೆರಳಿನಲ್ಲೇ ಉಳಿಯುತ್ತಾರೆ. ಊರಿನಲ್ಲಿ ಕಳ್ಳತನವಾದರೂ ಜಗಳವಾದರೂ ಬೊಟ್ಟು ಅವರತ್ತ ತಿರುಗುತ್ತದೆ. ದ್ವೇಷದ ಮಾತಿಗೆ ಮತ ಸಿಗುವುದು ಇಂಥ ಕಡೆಯೇ. ನೇರ ಪರಿಚಯವಿದ್ದವರ ಮೇಲೆ ಸುಳ್ಳು ಸುದ್ದಿ ಅಷ್ಟು ಸುಲಭಕ್ಕೆ ಕೆಲಸ ಮಾಡದು.

ಇದರಿಂದ ಪ್ರತಿ ಸಣ್ಣ ಶಾಲೆಯೂ ಇದ್ದ ಹಾಗೆಯೇ ಉಳಿಯಬೇಕು ಎಂದು ಅರ್ಥವಲ್ಲ. ಏಳು ಮಕ್ಕಳ, ಒಬ್ಬರೇ ಶಿಕ್ಷಕರ ಶಾಲೆಗಿಂತ ಚೆನ್ನಾಗಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಎಲ್ಲ ವರ್ಗದ ಮಕ್ಕಳು ಬೆರೆಯುವ ಸಾಧ್ಯತೆ ಹೆಚ್ಚು. ಹಳದಿ ವ್ಯಾನಿನಲ್ಲಿ ಹೊರಟವರಲ್ಲಿ ಕೆಲವರಾದರೂ ಅಲ್ಲಿಗೆ ಮರಳಬಹುದು. ನನ್ನ ಪರೀಕ್ಷೆ ಒಂದೇ: ಆ ಶಾಲೆಯ ಬಸ್ಸು ಲೈನ್ ಮನೆಗಳವರೆಗೆ ಬರುತ್ತದೆಯೇ? ಜನವರಿಯಲ್ಲಿ, ಕೊಯ್ಲು ಉತ್ತುಂಗದಲ್ಲಿರುವಾಗ, ಪಂಚಾಯಿತಿ ಮತ್ತು ಶಿಕ್ಷಕರು ತೋಟಗಳಲ್ಲಿ ಮಕ್ಕಳನ್ನು ಎಣಿಸದೆ ವಿಲೀನದ ಪಟ್ಟಿ ಮಾಡಬಾರದು. ಎಣಿಸಿದ ಮೇಲೂ ಶಾಲೆಯನ್ನು ಸೇರಿಸಲೇಬೇಕಾದರೆ ಒಂದರಿಂದ ಮೂರನೇ ತರಗತಿಯನ್ನು ಊರಿನಲ್ಲೇ ಉಳಿಸಿ, ದೊಡ್ಡ ಮಕ್ಕಳನ್ನಷ್ಟೇ ಬಸ್ಸಿಗೆ ಹತ್ತಿಸಬಹುದು.

ಮತವಿಲ್ಲದವರ ಮೊದಲ ಕುರ್ಚಿ

ತೋಟದ ಮಕ್ಕಳ ಶಾಲೆಯ ಬಗ್ಗೆ ಯಾವ ಪಕ್ಷವೂ ದನಿಯೆತ್ತದಿರುವುದಕ್ಕೆ ಕಾರಣ ಸರಳ. ಅವರ ಹೆತ್ತವರಲ್ಲಿ ಹೆಚ್ಚಿನವರ ಮತ ಇಲ್ಲಿಲ್ಲ. ಸಾಮಾನ್ಯವಾಗಿ ವಾಸವಿರುವ ಕಡೆ ಮತದಾರರಾಗಿ ನೋಂದಾಯಿಸಿಕೊಳ್ಳಲು ಕಾನೂನು ಅವಕಾಶ ಕೊಟ್ಟರೂ ಊರಿನ ಹೆಸರು ತೆಗೆಸಲು ಅವರಿಗೆ ಭಯ, ಇಲ್ಲಿ ಸೇರಿಸಲು ಹೋದರೆ ಅನುಮಾನ.

ಆದರೆ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದೆಯೂ ಅವರು ಕೂರಬಹುದಾದ ಒಂದು ಸಾರ್ವಜನಿಕ ಸಭೆ ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಸದಸ್ಯರಾಗಲು ಬೇಕಾದ ಅರ್ಹತೆ ಆ ಶಾಲೆಯಲ್ಲಿ ಓದುವ ಮಗು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಮಗು ಶಾಲೆಗೆ ಸೇರಿದ ದಿನವೇ ಲೈನ್ ಮನೆಯ ತಾಯಿಗೆ ಈ ಅರ್ಹತೆ ಬರುತ್ತದೆ. ಬಿಸಿಯೂಟದ ಬೇಳೆ ನೀರಾಗಿದೆ ಎಂದು, ಶೌಚಾಲಯಕ್ಕೆ ನೀರಿಲ್ಲ ಎಂದು ಊರಿನ ಇತರ ತಾಯಂದಿರ ಜೊತೆ ಕೂತು ಹೇಳಲು, ನಡಾವಳಿಯಲ್ಲಿ ಅದನ್ನು ಬರೆಸಲು ಅವಳಿಗೆ ಹಕ್ಕಿದೆ. ಚಿಕ್ಕಮಗಳೂರು ಮತ್ತು ಹಾಸನದ ತೋಟಸೀಮೆಯ ಶಾಲೆಗಳಲ್ಲಿ ಮುಂದಿನ ಬಾರಿ ಸಮಿತಿ ರಚನೆಯಾಗುವಾಗ ಆ ಸಭೆಯ ದಿನವನ್ನು ಕೊಯ್ಲಿನ ರಜೆಯ ದಿನಕ್ಕೆ ಹೊಂದಿಸಿ, ಲೈನ್ ಮನೆಗಳಿಗೂ ಹೋಗಿ ತಿಳಿಸಿ, ಅವರ ಮಾತು ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸುವುದಕ್ಕೆ ಹೊಸ ಕಾನೂನಾಗಲಿ ಹೊಸ ಅನುದಾನವಾಗಲಿ ಬೇಕಾಗಿಲ್ಲ. ಮುಖ್ಯ ಶಿಕ್ಷಕರು ಮತ್ತು ಪಂಚಾಯಿತಿ ಸದಸ್ಯರು ಮನಸ್ಸು ಮಾಡಿದರೆ ಈ ವರ್ಷವೇ ಆಗುವ ಕೆಲಸ ಇದು.